ಐರಿಷ್ ವಂಶಾವಳಿ: ಕಾಗದದ ಸಾಕ್ಷಿ, ರಕ್ತದ ಸಾಕ್ಷಿ

ಋಷಿಮೂಲ, ನದೀಮೂಲ ಕೆದಕಬಾರದೆಂದು ನಮ್ಮಲ್ಲಿ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಬುದ್ಧಿವಾದವನ್ನು ಸ್ವಲ್ಪವೂ ಕಿವಿಗೆ ಹಾಕಿಕೊಳ್ಳದ ಜನ ಯಾರಾದರೂ ಇದ್ದರೆ ಅವರು ಐರ್ಲೆಂಡಿನಿಂದ ವಲಸೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು. ಇಡೀ ಐರ್ಲೆಂಡ್ ದ್ವೀಪದಲ್ಲಿ ಈಗ ಇರುವವರು ಸುಮಾರು 70 ಲಕ್ಷ ಜನ. ಅಮೆರಿಕದ 2020ರ ಜನಗಣತಿಯಲ್ಲಿ ತಮ್ಮದು ಐರಿಷ್ ಮೂಲವೆಂದು ಬರೆಸಿದವರೋ 3 ಕೋಟಿ 86 ಲಕ್ಷ! ಮನೆಯಲ್ಲಿ ಉಳಿದವರಿಗಿಂತ ಮನೆ ಬಿಟ್ಟವರ ಸಂತತಿ ಐದು ಪಟ್ಟಿಗೂ ಮಿಕ್ಕಿದೆ. ಇಂಥ ನಾಡಿನವರಿಗೆ ಮೂಲದ ಚಿಂತೆ ಹತ್ತಿಕೊಂಡರೆ ಆಶ್ಚರ್ಯವೇನೂ ಇಲ್ಲ.

ಈ ಚಿಂತೆ ಇಂದು ಒಂದು ಸಾಹಿತ್ಯಪ್ರಕಾರದಷ್ಟೇ ಬೆಳೆದು ನಿಂತಿದೆ. ಅದಕ್ಕೆ ಕೈಪಿಡಿಗಳಿವೆ, ಟೆಲಿವಿಷನ್ ಸರಣಿಗಳಿವೆ, ಸಿನಿಮಾಗಳಿವೆ. ಉಗುಳು ತುಂಬಿಸಿ ಅಂಚೆಯಲ್ಲಿ ಕಳಿಸುವ ಪುಟ್ಟ ನಳಿಕೆಯೂ ಇದೆ. ಆದ್ದರಿಂದ ಒಂದು ಪುಸ್ತಕವನ್ನು ಕೈಗೆತ್ತಿಕೊಂಡಾಗ ವಿಮರ್ಶಕ ಕೇಳುವ ಪ್ರಶ್ನೆಗಳನ್ನೇ ಇದಕ್ಕೂ ಕೇಳುವುದು ತಪ್ಪಾಗಲಾರದು. ಇಲ್ಲಿ ಮಾತನಾಡುತ್ತಿರುವವರು ಯಾರು? ಅವರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು? ಹೇಳದೆ ಬಿಟ್ಟದ್ದೇನು? ಐರಿಷ್ ವಂಶಶೋಧನೆಯಲ್ಲಿ ಮಾತನಾಡುವ ಸಾಕ್ಷಿಗಳು ಎರಡು: ಒಂದು ಸರ್ಕಾರದ ಮತ್ತು ಚರ್ಚಿನ ಕಾಗದ, ಇನ್ನೊಂದು ಡಿ.ಎನ್.ಎ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆಯೇ ಅರ್ಧ ಆಯುಷ್ಯ ಕಳೆದ ನಮಗೆ ಮೊದಲನೆಯದರ ಗುಣದೋಷಗಳು ಅಪರಿಚಿತವಲ್ಲ. ಎರಡನೆಯದಕ್ಕೆ ಕಾಲೇಜಿನಲ್ಲಿ ಓದಿದ ವಿಜ್ಞಾನ ಸ್ವಲ್ಪ ನೆರವಿಗೆ ಬರುತ್ತದೆ.

ಮೊದಲು ಕಾಗದವನ್ನು ನೋಡೋಣ. 1922ರ ಜೂನ್ 30ರಂದು ಡಬ್ಲಿನ್ ನಗರದ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸುಟ್ಟು ಬೂದಿಯಾಯಿತು. ಆಗ ಅಂತರ್ಯುದ್ಧದ ಆರಂಭ. ಬ್ರಿಟನ್ನಿನೊಂದಿಗಿನ ಒಪ್ಪಂದವನ್ನು ಒಪ್ಪದವರು ಏಪ್ರಿಲ್‌ನಿಂದಲೇ ಆ ಆವರಣವನ್ನು ಹಿಡಿದುಕೊಂಡಿದ್ದರು. ಹೊಸ ಸರ್ಕಾರದ ಸೇನೆ ಜೂನ್ 28ರಂದು ಫಿರಂಗಿ ಹಾರಿಸತೊಡಗಿತು. ಎರಡು ದಿನದ ಮೇಲೆ ಭಾರಿ ಸ್ಫೋಟವಾಗಿ ಬೆಂಕಿ ಹೊತ್ತಿಕೊಂಡಿತು. ಏಳು ಶತಮಾನಗಳ ಕಾಗದ ಹೊಗೆಯಾಗಿ ಆಕಾಶಕ್ಕೇರಿತು. 1821, 1831, 1841, 1851 – ಈ ನಾಲ್ಕು ಜನಗಣತಿಗಳ ಮನೆಮನೆಯ ಹಾಳೆಗಳಲ್ಲಿ ಉಳಿದದ್ದು ಚೂರುಪಾರು ಮಾತ್ರ. ಐರ್ಲೆಂಡ್ ಚರ್ಚಿನ, ಅಂದರೆ ಅಲ್ಲಿನ ಪ್ರಾಟೆಸ್ಟೆಂಟ್ ಚರ್ಚಿನ, ರಿಜಿಸ್ಟರುಗಳಲ್ಲಿ ಅರ್ಧಕ್ಕೂ ಹೆಚ್ಚು ಹೋದವು. ಕ್ಯಾಥೊಲಿಕ್ ರಿಜಿಸ್ಟರುಗಳು ಆ ಕಚೇರಿಗೆ ಬಂದೇ ಇರಲಿಲ್ಲವಾದ್ದರಿಂದ ಬಚಾವಾದವು.

ಐರಿಷ್ ವಂಶಶೋಧಕರು ದಾರಿ ಮುಚ್ಚಿದಾಗಲೆಲ್ಲ ಈ ಬೆಂಕಿಯ ಮೇಲೆ ಹೊರೆ ಹೊರಿಸುತ್ತಾರೆ. ಅದು ಪೂರ್ತಿ ನ್ಯಾಯವಲ್ಲ. 1861 ಮತ್ತು 1871ರ ಹಾಳೆಗಳನ್ನು ಎಣಿಕೆ ಮುಗಿದ ಮೇಲೆ ಬೇಡವೆಂದು ಸರ್ಕಾರವೇ ನಾಶಮಾಡಿತು. 1881 ಮತ್ತು 1891ರ ಹಾಳೆಗಳು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ಅಭಾವ ಬಂದಾಗ ರದ್ದಿಯಾಗಿ ಗಿರಣಿಗೆ ಹೋದವು. ಅಂದರೆ ನಾಲ್ಕನ್ನು ಬೆಂಕಿ ತಿಂದರೆ ಇನ್ನು ನಾಲ್ಕನ್ನು ತಿಂದದ್ದು ಶಾಂತವಾದ ಕಚೇರಿಯ ಆದೇಶ. ಹಳೆಯ ಕಡತ ವಿಲೇವಾರಿ ಮಾಡುವ ಟಿಪ್ಪಣಿಗೆ ಸಹಿ ಹಾಕುವ ಕೈಗೆ, ತಾನು ಒಂದು ಮನೆತನದ ಹೆಸರನ್ನೇ ಅಳಿಸುತ್ತಿರಬಹುದೆಂಬ ಅನುಮಾನ ಬರುವುದಿಲ್ಲ. ಇದು ಐರ್ಲೆಂಡಿಗೆ ಮಾತ್ರ ಸಂಬಂಧಿಸಿದ ಮಾತಲ್ಲವೆಂದು ನಮ್ಮ ವೃತ್ತಿಬಾಂಧವರು ಒಪ್ಪಿಯಾರು.

ಹಾಗೆಂದು ಗುಮಾಸ್ತರೆಲ್ಲ ನಾಶಕರೆಂದು ತಿಳಿಯಬೇಕಾಗಿಲ್ಲ. 1908ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವೃದ್ಧಾಪ್ಯ ವೇತನದ ಕಾಯಿದೆ ಮಾಡಿತು. 70 ವರ್ಷ ತುಂಬಿದ ಬಡವರಿಗೆ 1909ರ ಜನವರಿಯಿಂದ ವಾರಕ್ಕೆ 5 ಷಿಲಿಂಗಿನವರೆಗೆ ಕೊಡತೊಡಗಿದರು. ಆದರೆ ವಯಸ್ಸಿಗೆ ಪುರಾವೆ ಎಲ್ಲಿ? ಐರ್ಲೆಂಡಿನಲ್ಲಿ ಎಲ್ಲರ ಜನನ, ಮರಣ, ವಿವಾಹಗಳ ನೋಂದಣಿ ಶುರುವಾದದ್ದೇ 1864ರಲ್ಲಿ. 70 ತುಂಬಿದವರ ಜನನಕ್ಕೆ ಸರ್ಕಾರಿ ದಾಖಲೆಯೇ ಇಲ್ಲ. ಆಗ ಅರ್ಜಿದಾರರ ತಂದೆತಾಯಿಯರ ಹೆಸರು, ಅವರಿದ್ದ ಹಳ್ಳಿ ಇವನ್ನು ಬರೆಸಿಕೊಂಡು, 1841 ಅಥವಾ 1851ರ ಜನಗಣತಿಯಲ್ಲಿ ಆ ಕೂಸು ಇದೆಯೇ ಎಂದು ಡಬ್ಲಿನ್ನಿನ ದಾಖಲೆ ಕಚೇರಿಯಲ್ಲಿ ಹುಡುಕಿಸುತ್ತಿದ್ದರು. ಸಿಕ್ಕಿದ್ದನ್ನು ಗುಮಾಸ್ತರು ನಮೂನೆಯ ಮೇಲೆ ಗುರುತು ಹಾಕಿಕೊಂಡರು. ಕೆಲವೊಮ್ಮೆ ಇಡೀ ಮನೆಯವರ ಹೆಸರುಗಳನ್ನೇ ನಕಲು ಮಾಡಿಕೊಂಡರು. ಮುಂದೆ ಮೂಲ ಹಾಳೆಗಳು ಸುಟ್ಟವು, ಈ ನಮೂನೆಗಳು ಉಳಿದವು. ಇಂದು ಅವು ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಐದು ಷಿಲಿಂಗಿನ ಪಿಂಚಣಿಗಾಗಿ ಒಬ್ಬ ಮುದುಕಿ ಹಾಕಿದ ಅರ್ಜಿ, ಮಹಾಕ್ಷಾಮಕ್ಕೆ ಮುಂಚಿನ ಅವಳ ತವರುಮನೆಯನ್ನು ಉಳಿಸಿಕೊಟ್ಟಿತು. ಯಾವ ಇತಿಹಾಸಕಾರನೂ ಯೋಜಿಸಿ ಮಾಡಿದ್ದಲ್ಲ ಇದು.

ಇದೇ ಪಿಂಚಣಿ ಇನ್ನೊಂದು ತಮಾಷೆಯನ್ನೂ ಮಾಡಿದೆ. ಪೂರ್ತಿಯಾಗಿ ಉಳಿದಿರುವ ಹಳೆಯ ಜನಗಣತಿಗಳು 1901 ಮತ್ತು 1911ರವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಹತ್ತು ವರ್ಷದಲ್ಲಿ ಅನೇಕರ ವಯಸ್ಸು ಹದಿನೈದು, ಹದಿನೆಂಟು ವರ್ಷ ಏರಿದೆ! 1901ರಲ್ಲಿ 55 ಎಂದು ಬರೆಸಿದವರು 1911ರಲ್ಲಿ 70 ದಾಟಿದ್ದಾರೆ. ನಗಬೇಕಾಗಿಲ್ಲ, ಶಾಲೆಗೆ ಸೇರಿಸುವ ದಿನ ಮೇಷ್ಟರು ಬರೆದದ್ದೇ ಜನ್ಮದಿನವಾದ ತಲೆಮಾರು ನಮ್ಮಲ್ಲೂ ಇತ್ತು. ಕಾಗದ ಸುಳ್ಳು ಹೇಳುವುದಿಲ್ಲವೆಂಬುದು ಕಡತ ನೋಡದವರ ಮಾತು. ಕಾಗದ ಯಾವ ಉದ್ದೇಶಕ್ಕೆ ಹುಟ್ಟಿತೋ ಆ ಉದ್ದೇಶದ ಬಣ್ಣ ಅದಕ್ಕೆ ಅಂಟಿಯೇ ಇರುತ್ತದೆ.

1911ರ ಹಾಳೆಯನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ. ಆ ವರ್ಷ ಏಪ್ರಿಲ್ 2ರ ರಾತ್ರಿ ಮನೆಯಲ್ಲಿದ್ದವರ ಹೆಸರು, ಸಂಬಂಧ, ಮತ, ಓದುಬರಹ, ವಯಸ್ಸು, ಕಸಬು, ಭಾಷೆ ಎಲ್ಲವೂ ಅದರಲ್ಲಿದೆ. ಬಹಳಷ್ಟು ಮನೆಗಳಲ್ಲಿ ಯಜಮಾನನ ಕೈಬರಹದಲ್ಲೇ ಇದೆ. ಆ ಸಲ ಗಂಡುಳ್ಳ ಹೆಂಗಸರಿಗೆ ಹೊಸ ಪ್ರಶ್ನೆ ಸೇರಿಸಿದರು: ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು? ವಿಧವೆಯರು ಉತ್ತರಿಸಬೇಕಾಗಿರಲಿಲ್ಲ. ಆದರೂ ಎಷ್ಟೋ ವಿಧವೆಯರು ಉತ್ತರ ಕೊಟ್ಟರು. ನಿಯಮದಂತೆ ಅಧಿಕಾರಿಗಳು ಆ ಅಂಕಿಗಳ ಮೇಲೆ ಗೆರೆ ಎಳೆದರು. ಗೆರೆಯ ಕೆಳಗೆ ಅಂಕಿ ಇಂದಿಗೂ ಕಾಣುತ್ತದೆ. ಹುಟ್ಟಿದವರು ಹತ್ತು, ಉಳಿದವರು ಆರು ಎಂಬಂಥ ಎರಡು ಸಂಖ್ಯೆಗಳ ನಡುವೆ ಒಬ್ಬ ತಾಯಿಯ ಬಾಳೇ ಇದೆ. ಯಾರೂ ಕೇಳದಿದ್ದರೂ ಅವಳು ಹೇಳಿದಳು, ಹೊಡೆದುಹಾಕಿದರೂ ಅದು ಅಳಿಯಲಿಲ್ಲ.

ಆದರೆ ಕಾಗದದ ಬಾಗಿಲು ತೆರೆಯಲು ಒಂದು ಬೀಗದಕೈ ಬೇಕು. ಅದು ಊರಿನ ಹೆಸರು. 1845ರಿಂದ 1852ರವರೆಗಿನ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತಲೂ ಹೆಚ್ಚು ಜನ ಹಡಗು ಹತ್ತಿದರು. ಹಡಗು ಹತ್ತಿದವರ ಮಕ್ಕಳಿಗೆ ಊರಿನ ಹೆಸರು ಗೊತ್ತಿತ್ತು. ಮೊಮ್ಮಕ್ಕಳಿಗೆ ಜಿಲ್ಲೆಯ ಹೆಸರು ಗೊತ್ತಿತ್ತು. ಮರಿಮಕ್ಕಳ ಬಾಯಲ್ಲಿ ಉಳಿದದ್ದು 'ಐರ್ಲೆಂಡ್' ಒಂದೇ. ಅಲ್ಲಿನ ದಾಖಲೆಗಳಾದರೋ ಟೌನ್‌ಲ್ಯಾಂಡ್ ಎಂಬ ತೀರ ಸಣ್ಣ ಗ್ರಾಮಘಟಕಗಳ ಲೆಕ್ಕದಲ್ಲಿ ಜೋಡಿಸಲ್ಪಟ್ಟಿವೆ. ಅಂಥವು ಅರವತ್ತು ಸಾವಿರಕ್ಕೂ ಹೆಚ್ಚು. 1847ರಿಂದ 1864ರ ನಡುವೆ ರಿಚರ್ಡ್ ಗ್ರಿಫಿತ್ ಪ್ರಕಟಿಸಿದ ಭೂಮಿ ಮತ್ತು ಮನೆಗಳ ಮೌಲ್ಯಮಾಪನ ಪಟ್ಟಿಯಲ್ಲಿ ಟೌನ್‌ಲ್ಯಾಂಡ್‌ವಾರು ರೈತರ ಹೆಸರಿದೆ, ನಿಜ. ಆದರೆ ಮರ್ಫಿ, ಕೆಲ್ಲಿ, ಸಲಿವನ್ ಎಂಬ ಮನೆತನಗಳು ಊರೂರಿಗೆ. ಹೆಸರಿಡುವ ಪದ್ಧತಿಯೂ ನಮ್ಮ ಅನೇಕ ಮನೆಗಳಲ್ಲಿರುವಂಥದೇ: ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಹಾಗಾಗಿ ಒಬ್ಬ ಪ್ಯಾಟ್ರಿಕ್‌ಗೆ ನಾಲ್ವರು ಗಂಡುಮಕ್ಕಳಿದ್ದರೆ ನಾಲ್ಕು ಮನೆಗಳಲ್ಲಿ ನಾಲ್ವರು ಪ್ಯಾಟ್ರಿಕ್ ಮೊಮ್ಮಕ್ಕಳು. ಪಾದ್ರಿಗಳೋ ರಿಜಿಸ್ಟರಿನಲ್ಲಿ ಲ್ಯಾಟಿನ್ ಬಳಸಿ ಜೇಮ್ಸ್‌ನನ್ನು ಜಾಕೋಬಸ್ ಮಾಡಿಟ್ಟಿದ್ದಾರೆ. ಊರು ತಿಳಿಯದವನು ಇದರಲ್ಲಿ ತನ್ನ ಜಾಕೋಬಸ್‌ನನ್ನು ಹೇಗೆ ಗುರುತಿಸಬೇಕು?

ಊರು ತಿಳಿದರೆ ಕೆಲಸ ಎಷ್ಟು ಸಲೀಸೆಂಬುದಕ್ಕೆ ಬರಾಕ್ ಒಬಾಮರ ಉದಾಹರಣೆ ಇದೆ. ಅವರ ತಾಯಿಯ ಕಡೆಯ ಪೂರ್ವಜ ಫಾಲ್‌ಮತ್ ಕಿಯರ್ನಿ ಎಂಬಾತ 1850ರಲ್ಲಿ ಆಫಲಿ ಜಿಲ್ಲೆಯ ಮನಿಗಾಲ್ ಎಂಬ ಹಳ್ಳಿಯಿಂದ ಅಮೆರಿಕಕ್ಕೆ ಹೋದವನು. 2007ರಲ್ಲಿ ಸ್ಥಳೀಯ ಚರ್ಚಿನ ರಿಜಿಸ್ಟರುಗಳಲ್ಲಿ ಆ ಮನೆತನದ ಹೆಸರು ಸಿಕ್ಕಿತು. 2011ರ ಮೇ 23ರಂದು ಅಧ್ಯಕ್ಷರೇ ಆ ಹಳ್ಳಿಗೆ ಹೋಗಿಬಂದರು. ಈ ಕಿಯರ್ನಿ ಐದು ತಲೆಮಾರಿನ ಹಿಂದಿನ ಅಜ್ಜ. ಅಂಥ ಸ್ಥಾನದಲ್ಲಿ ಒಬ್ಬ ಮನುಷ್ಯನಿಗೆ 32 ಜನ ಪೂರ್ವಜರಿರುತ್ತಾರೆ. ಉಳಿದ 31 ಜನರ ಹಳ್ಳಿಗಳಲ್ಲಿ ಬಾವುಟ ಹಾರಲಿಲ್ಲವೆಂಬುದನ್ನು ಮರೆಯಬಾರದು. ವಂಶವೃಕ್ಷ ಬರೆಯುವವರೆಲ್ಲ ತಮಗೆ ಬೇಕಾದ ಕೊಂಬೆಗೇ ನೀರು ಹಾಕುತ್ತಾರೆ.

ಇನ್ನು ಎರಡನೆಯ ಸಾಕ್ಷಿ. ಕಾಗದ ಸುಟ್ಟರೇನು, ರಕ್ತ ಸುಡುವುದಿಲ್ಲವಲ್ಲ ಎಂಬ ಉತ್ಸಾಹದಿಂದ ಡಿ.ಎನ್.ಎ. ಪರೀಕ್ಷೆ ಬಂದಿತು. ನಳಿಕೆಗೆ ಉಗುಳಿ ಕಳಿಸಿದರೆ ಕೆಲವು ವಾರಗಳಲ್ಲಿ ಎರಡು ಉತ್ತರ ಬರುತ್ತವೆ. ಒಂದು, ನೀವು ಶೇಕಡಾ ಇಷ್ಟು ಐರಿಷ್ ಎಂಬ ಲೆಕ್ಕ. ಎರಡು, ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ನಿಮ್ಮೊಂದಿಗೆ ಡಿ.ಎನ್.ಎ. ತುಣುಕುಗಳನ್ನು ಹಂಚಿಕೊಂಡಿರುವವರ ಪಟ್ಟಿ. ಜಾಹೀರಾತಿನಲ್ಲಿ ಮೆರೆಯುವುದು ಮೊದಲನೆಯದು. ಬೆಲೆಯಿರುವುದು ಎರಡನೆಯದಕ್ಕೆ. ನಮ್ಮ ಟೀಕೆಯ ತಿರುಳು ಇಲ್ಲಿದೆ.

ಶೇಕಡಾ ಲೆಕ್ಕ ಹೇಗೆ ಹುಟ್ಟುತ್ತದೆ? ಇಂದು ಬದುಕಿರುವ, ಹಲವು ತಲೆಮಾರಿನಿಂದ ಒಂದೇ ಪ್ರದೇಶದವರೆಂದು ತಿಳಿದ ಕೆಲವರ ಡಿ.ಎನ್.ಎ.ಯನ್ನು ಮಾದರಿಯಾಗಿಟ್ಟುಕೊಂಡು ನಿಮ್ಮದನ್ನು ಅದಕ್ಕೆ ಹೋಲಿಸುತ್ತಾರೆ. ಅದು ಹೋಲಿಕೆಯ ಅಂದಾಜು. ಮಾದರಿ ಬದಲಾದರೆ ಅಂದಾಜೂ ಬದಲಾಗುತ್ತದೆ. ಅದೇ ಉಗುಳಿಗೆ ಹೋದ ವರ್ಷ ಒಂದು ಸಂಖ್ಯೆ, ಈ ವರ್ಷ ಇನ್ನೊಂದು. ಶಿಸ್ತಿನಿಂದ ಮಾಡಿದರೆ ಈ ವಿಧಾನವೂ ಒಳ್ಳೆಯ ವಿಜ್ಞಾನವೇ. 2017ರಲ್ಲಿ ಪ್ರಕಟವಾದ ಐರಿಷ್ ಡಿ.ಎನ್.ಎ. ಅಟ್ಲಾಸ್‌ನ ಅಧ್ಯಯನಕ್ಕೆ, ಎಂಟು ಜನ ಮುತ್ತಜ್ಜ-ಮುತ್ತಜ್ಜಿಯರೂ ಸುಮಾರು 50 ಕಿಲೋಮೀಟರಿನೊಳಗೆ ಹುಟ್ಟಿದ್ದವರನ್ನೇ ಆರಿಸಿಕೊಂಡರು. ಫಲವಾಗಿ ದ್ವೀಪದಲ್ಲಿ ಹತ್ತು ಗುಂಪುಗಳು ಕಂಡವು; ಅವು ಹಳೆಯ ಪ್ರಾಂತ್ಯಗಳ ಗಡಿಗಳಿಗೆ ಹೆಚ್ಚುಕಡಮೆ ಹೊಂದಿಕೊಂಡವು. ಎಂಟು ಮಂದಿಯ ಹುಟ್ಟೂರು ಹೇಗೆ ತಿಳಿಯಿತು? ಕಾಗದದಿಂದ! ರಕ್ತದ ನಕ್ಷೆ ಬರೆಯಲೂ ಕಡತವೇ ಬೇಕಾಯಿತು.

ಶಿಸ್ತು ಸಡಿಲವಾದರೆ ಏನಾಗುತ್ತದೆಂಬುದಕ್ಕೆ ರಾಜ ನಿಯಾಲ್ ಕಥೆ ನೋಡಬಹುದು. ಗಂಡಸರಲ್ಲಿ ತಂದೆಯಿಂದ ಮಗನಿಗೆ ಮಾತ್ರ ಬರುವ ವೈ ಕ್ರೋಮೋಸೋಮಿನ ಒಂದು ಗುರುತು ವಾಯವ್ಯ ಐರ್ಲೆಂಡಿನಲ್ಲಿ ಬಹಳ ಸಾಮಾನ್ಯ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ವಿಜ್ಞಾನಿಗಳು 2006ರಲ್ಲಿ, ಇದು ಐದನೆಯ ಶತಮಾನದ ಸುಮಾರಿನ ಅರಸನೆಂದು ಹೇಳಲಾಗುವ ನಿಯಾಲ್‌ನ ವಂಶದ ಗುರುತಾಗಿರಬಹುದೆಂದು ಸೂಚಿಸಿದರು. 'ಆಗಿರಬಹುದು' ಎಂಬುದು ವ್ಯಾಪಾರದ ಬಾಯಲ್ಲಿ 'ಆಗಿದೆ' ಎಂದಾಯಿತು. ಎಷ್ಟೋ ಜನ ರಾತ್ರೋರಾತ್ರಿ ರಾಜವಂಶಸ್ಥರಾದರು. ಆ ಗುರುತು ನಿಯಾಲ್‌ಗಿಂತ ಹಿಂದಿನದೆಂದು ನಂತರದ ಸಂಶೋಧನೆ ತೋರಿಸುತ್ತಿದೆ. ಆದರೆ ಕೊಟ್ಟ ಕಿರೀಟವನ್ನು ಹಿಂದಕ್ಕೆ ಪಡೆಯುವವರು ಯಾರು?

ಪಟ್ಟಿಯ ಮಾತು ಬೇರೆ. ಮಗುವಿಗೆ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಡಿ.ಎನ್.ಎ. ಬರುತ್ತದೆ. ಆ ಲೆಕ್ಕದ ಮೇಲೆ ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳು, ಅಥವಾ ಅತ್ತೆ-ಮಾವನ ಮಕ್ಕಳು, ಸರಾಸರಿ ಎಂಟನೇ ಒಂದು ಭಾಗ ಹಂಚಿಕೊಂಡಿರುತ್ತಾರೆ. ಆ ಮಕ್ಕಳ ಮಕ್ಕಳು ಪರಸ್ಪರ ಶೇಕಡಾ 3ರಷ್ಟು. ಇನ್ನೊಂದು ತಲೆಮಾರು ಇಳಿದರೆ ಶೇಕಡಾ ಒಂದಕ್ಕೂ ಕಡಿಮೆ. ಅಲ್ಲಿಂದ ಮುಂದೆ ನಿಜವಾದ ಬಂಧುಗಳೂ ಏನನ್ನೂ ಹಂಚಿಕೊಳ್ಳದಿರುವುದು ಸಾಮಾನ್ಯ. ಸಮೀಪದ ಸಂಬಂಧದಲ್ಲಿ ಈ ಸಾಕ್ಷಿ ಸುಳ್ಳಾಡುವುದಿಲ್ಲ. ಆದರೆ ಅದು ಅರೆಮೂಗ ಸಾಕ್ಷಿ. ಕಾಲು ಭಾಗ ಹಂಚಿಕೊಂಡಿದ್ದಾನೆಂದರೆ ಆತ ಮಲಸೋದರನಿರಬಹುದು, ಚಿಕ್ಕಪ್ಪನಿರಬಹುದು, ತಾತನೂ ಇರಬಹುದು. ಯಾರೆಂದು ತಿಳಿಯಲು ವಯಸ್ಸು ಬೇಕು, ಊರು ಬೇಕು, ಹೆಸರು ಬೇಕು. ಅಂದರೆ ಮತ್ತೆ ಕಾಗದ.

ಇದೆಲ್ಲ ಬಿಡುವಿನ ವೇಳೆಯ ಹವ್ಯಾಸವೆಂದು ತೋರುವವರಿಗೆ 'ಫಿಲೋಮಿನಾ' ಚಿತ್ರ ಉತ್ತರ ಕೊಡುತ್ತದೆ. ಮಾರ್ಟಿನ್ ಸಿಕ್ಸ್‌ಸ್ಮಿತ್ 2009ರಲ್ಲಿ ಬರೆದ ಪುಸ್ತಕವನ್ನು ಆಧರಿಸಿ ಸ್ಟೀಫನ್ ಫ್ರಿಯರ್ಸ್ 2013ರಲ್ಲಿ ತೆಗೆದ ಚಿತ್ರ ಅದು. ಫಿಲೋಮಿನಾ ಲೀ ಮದುವೆಯಾಗದೆ ತಾಯಿಯಾದ ಹುಡುಗಿ. ರೋಸ್‌ಕ್ರೇ ಊರಿನ ಕಾನ್ವೆಂಟಿನಲ್ಲಿ 1952ರಲ್ಲಿ ಅವಳಿಗೆ ಮಗ ಹುಟ್ಟಿದ. 1955ರಲ್ಲಿ ಅವನನ್ನು ಅಮೆರಿಕದ ದಂಪತಿಗಳಿಗೆ ದತ್ತು ಕೊಟ್ಟುಬಿಟ್ಟರು. ಮಗ ದೊಡ್ಡವನಾಗಿ ತಾಯಿಯನ್ನು ಹುಡುಕುತ್ತ ಅದೇ ಕಾನ್ವೆಂಟಿಗೆ ಬಂದ. ತಾಯಿಯೂ ಮಗನನ್ನು ಕೇಳುತ್ತ ಅಲ್ಲಿಗೇ ಹೋದಳು. ಇಬ್ಬರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯಲಿಲ್ಲ. ಮಗ 1995ರಲ್ಲಿ ತೀರಿಕೊಂಡು, ತನ್ನ ಇಚ್ಛೆಯಂತೆ ಅದೇ ರೋಸ್‌ಕ್ರೇಯಲ್ಲಿ ಮಣ್ಣಾದ. ತಾಯಿಗೆ ಸಿಕ್ಕಿದ್ದು ಸಮಾಧಿ.

ಜೂಡಿ ಡೆಂಚ್ ಅವರ ಅಭಿನಯ ಸಂಯಮದಿಂದ ಕೂಡಿದೆ. ಅಳಿಸುವ ಅವಕಾಶವಿದ್ದ ಕಡೆಯಲ್ಲೂ ಆಕೆ ಸುಮ್ಮನಿದ್ದು ಗೆಲ್ಲುತ್ತಾರೆ. ಆದರೆ ಚಿತ್ರದ ಕೊನೆಯಲ್ಲಿ ಒಬ್ಬ ವೃದ್ಧ ಸನ್ಯಾಸಿನಿಯನ್ನು ಕೂರಿಸಿ ಪತ್ರಕರ್ತನಿಂದ ಬೈಸುವ ದೃಶ್ಯವನ್ನು ನಾವು ಒಪ್ಪಲಾರೆವು. ನಿಜಜೀವನದಲ್ಲಿ ಆ ಸನ್ಯಾಸಿನಿ 1995ರಲ್ಲೇ ತೀರಿಕೊಂಡಿದ್ದರು. ಅಂಥ ಭೇಟಿ ನಡೆದೇ ಇಲ್ಲ. ಸತ್ಯ ತಿರುಚಿದ್ದಷ್ಟೇ ನಮ್ಮ ಆಕ್ಷೇಪಣೆಯಲ್ಲ. ಒಬ್ಬ ವ್ಯಕ್ತಿಯ ಮೇಲೆ ಕೋಪ ತೀರಿಸಿಕೊಂಡಾಗ ವ್ಯವಸ್ಥೆ ನುಣುಚಿಕೊಳ್ಳುತ್ತದೆ. 1940ರ ದಶಕದಿಂದ 70ರ ದಶಕದವರೆಗೆ ಹೀಗೆ ಎರಡು ಸಾವಿರಕ್ಕೂ ಹೆಚ್ಚು ಐರಿಷ್ ಮಕ್ಕಳು ಅಮೆರಿಕಕ್ಕೆ ಹೋದರು. ಅವರಿಗೆ ಪಾಸ್‌ಪೋರ್ಟ್ ಕೊಟ್ಟದ್ದು ಸರ್ಕಾರ. ಅರ್ಜಿ ಬಂತು, ಟಿಪ್ಪಣಿ ಬರೆದರು, ಸಹಿಯಾಯಿತು, ರವಾನೆಯಾಯಿತು. ಆ ಕಡತ ನಡೆಸಿದವರ ಮುಖ ಚಿತ್ರದಲ್ಲಿ ಕಾಣುವುದಿಲ್ಲ.

ಇಂಥ ಮಕ್ಕಳ ವಿಷಯದಲ್ಲೇ ಎರಡು ಸಾಕ್ಷಿಗಳ ನಿಜವಾದ ಬೆಲೆ ತಿಳಿಯುವುದು. 2021ರ ಜನವರಿಯಲ್ಲಿ ಪ್ರಕಟವಾದ ತನಿಖಾ ಆಯೋಗದ ವರದಿಯ ಪ್ರಕಾರ ಅದು ಪರಿಶೀಲಿಸಿದ 18 ಸಂಸ್ಥೆಗಳಲ್ಲಿ ಸುಮಾರು 56,000 ತಾಯಂದಿರು, 57,000 ಮಕ್ಕಳು ಇದ್ದರು. ಸುಮಾರು 9,000 ಮಕ್ಕಳು ಸತ್ತರು. ಅದಕ್ಕೂ ಮೊದಲು 2018ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಒಂದು ದತ್ತು ಸಂಸ್ಥೆಯ ಕಡತಗಳಲ್ಲಿ 126 ಮಕ್ಕಳ ಜನನವನ್ನು, ಸಾಕಿದವರೇ ಹೆತ್ತವರೆಂಬಂತೆ ಸುಳ್ಳಾಗಿ ನೋಂದಾಯಿಸಿದ್ದು ಪತ್ತೆಯಾಯಿತು. ಈ ದಾಖಲೆಗಳು ಸುಟ್ಟಿಲ್ಲ, ರದ್ದಿಗೆ ಹೋಗಿಲ್ಲ. ಮೊಹರು, ಸಹಿ, ದಿನಾಂಕ ಎಲ್ಲ ಸರಿಯಾಗಿವೆ. ಸುಳ್ಳು ಇರುವುದು ತಾಯಿಯ ಹೆಸರಿನಲ್ಲಿ ಮಾತ್ರ. ಅರವತ್ತು ದಾಟಿದ ಮೇಲೆ ತಾನು ತಾನಲ್ಲವೆಂದು ತಿಳಿದವರಿಗೆ ಶೇಕಡಾ ಎಷ್ಟು ಐರಿಷ್ ಎಂಬ ಲೆಕ್ಕ ಕಟ್ಟಿಕೊಂಡು ಏನಾಗಬೇಕು? ಅವರಿಗೆ ಬೇಕಾದದ್ದು ಪಟ್ಟಿಯಲ್ಲಿ ಕಾಣುವ ಒಬ್ಬ ಅಪರಿಚಿತ ಬಂಧು. ಬೆಂಕಿಯ ಗಾಯಕ್ಕೆ ಡಿ.ಎನ್.ಎ. ಅಷ್ಟಾಗಿ ಮದ್ದಲ್ಲ, ಸುಳ್ಳಿನ ಗಾಯಕ್ಕೆ ಅದೊಂದೇ ಮದ್ದು. ಇದೇ ಅದರ ದೊಡ್ಡತನವೆಂದು ನಾವು ತಿಳಿದಿದ್ದೇವೆ.

ಇನ್ನೊಂದು ಮಗ್ಗುಲೂ ಇದೆ. ತನ್ನ ಗುಟ್ಟನ್ನು ಗಂಡನಿಗೂ ಹೇಳದೆ ಮುದುಕಿಯಾದ ತಾಯಿಯೊಬ್ಬಳಿದ್ದರೆ, ತಂಗಿಯ ಮೊಮ್ಮಗ ತಮಾಷೆಗೆ ಕಳಿಸಿದ ಉಗುಳು ಅವಳ ಬಾಗಿಲು ತಟ್ಟುತ್ತದೆ. ಯಾರ ಹಕ್ಕು ಹೆಚ್ಚಿನದು? ಐರ್ಲೆಂಡ್ ಈ ಪ್ರಶ್ನೆಗೆ 2022ರಲ್ಲಿ ಕಾಯಿದೆಯ ಮೂಲಕ ಉತ್ತರಿಸಿತು. ದತ್ತು ಹೋದವರಿಗೆ ತಮ್ಮ ಜನನಪತ್ರ ಮತ್ತು ಆರಂಭದ ಬದುಕಿನ ಮಾಹಿತಿ ಪಡೆಯುವ ಹಕ್ಕು ಬಂದಿತು. ಹೆತ್ತವರು ಸಂಪರ್ಕ ಬೇಡವೆಂದಿದ್ದರೆ ಅರ್ಜಿದಾರರಿಗೆ ಅದನ್ನು ಮೊದಲು ತಿಳಿಸಿ ಹೇಳುತ್ತಾರೆ. ಆದರೆ ಮಾಹಿತಿಯನ್ನು ತಡೆಹಿಡಿಯುವುದಿಲ್ಲ. ತಿಳಿಯುವ ಹಕ್ಕು ಬೇರೆ, ಕಾಣುವ ಹಕ್ಕು ಬೇರೆ ಎಂಬ ಈ ವಿವೇಕ ನಮಗೆ ಮೆಚ್ಚುಗೆಯಾಯಿತು. ಉಗುಳಿನ ನಳಿಕೆಗೆ ಈ ವಿವೇಕವಿಲ್ಲ.

1922ರಲ್ಲಿ ಸುಟ್ಟದ್ದನ್ನು ಮತ್ತೆ ಕಟ್ಟುವ ಪ್ರಯತ್ನವೂ ನಡೆದಿದೆ. ಬೆಂಕಿಗೆ ಮೂರು ವರ್ಷ ಮುಂಚೆ, 1919ರಲ್ಲಿ, ಹರ್ಬರ್ಟ್ ವುಡ್ ಎಂಬ ಅಧಿಕಾರಿ ಆ ಕಚೇರಿಯಲ್ಲಿ ಏನೇನಿದೆಯೆಂಬ ಸೂಚಿಯನ್ನು ಅಚ್ಚು ಹಾಕಿಸಿದ್ದರು. ಆ ಸೂಚಿಯನ್ನು ಹಿಡಿದು, ಬೇರೆ ಬೇರೆ ಪತ್ರಾಗಾರಗಳಲ್ಲಿ ಸಿಗುವ ನಕಲುಗಳನ್ನು ಕೂಡಿಸಿ, ಟ್ರಿನಿಟಿ ಕಾಲೇಜಿನವರು 2022ರ ಜೂನ್ 27ರಂದು ಕಂಪ್ಯೂಟರಿನಲ್ಲಿ ನೋಡಬಹುದಾದ ಒಂದು ದಾಖಲೆ ಭಂಡಾರವನ್ನು ತೆರೆದರು. ಯಾರ ಬಳಿಯೂ ಹಣ ಕೇಳದ ಭಂಡಾರ ಅದು. 1901, 1911ರ ಜನಗಣತಿಗಳನ್ನೂ, 2015ರಿಂದ ಕ್ಯಾಥೊಲಿಕ್ ರಿಜಿಸ್ಟರುಗಳನ್ನೂ ಹೀಗೆಯೇ ಉಚಿತವಾಗಿ ಒದಗಿಸಲಾಗಿದೆ. ಉಗುಳಿನ ವ್ಯಾಪಾರಕ್ಕೆ ಸಿಗುವ ಪ್ರಚಾರದ ನೂರರಲ್ಲೊಂದು ಪಾಲು ಈ ಕೆಲಸಕ್ಕೆ ಸಿಕ್ಕಿದ್ದರೆ ಚೆನ್ನಾಗಿತ್ತು.

ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ ಬಂದು, ರೈತರ ಮನೆಯ ಮುಂದೆ ನಿಂತು, ತಲೆಮಾರುಗಳ ಹೆಸರು ಹೇಳಿ ಕಾಳು ಪಡೆದುಹೋಗುವುದನ್ನು ಹಿರಿಯ ಓದುಗರು ಕಂಡಿರಬಹುದು. ಐರ್ಲೆಂಡಿನಲ್ಲೂ ಪಾರಂಪರಿಕ ವಂಶಾವಳಿಕಾರರಿದ್ದರು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಮಕ್ ಫಿರ್ಬಿಸಿ ಮನೆತನದ ಪಂಡಿತನೊಬ್ಬ ವಂಶಾವಳಿಗಳ ಮಹಾಗ್ರಂಥವನ್ನೇ ಬರೆದಿಟ್ಟ. ವ್ಯತ್ಯಾಸವೊಂದಿದೆ. ಅವನ ಗ್ರಂಥ ಕುಲೀನರದು. ನಮ್ಮ ಹೆಳವರು ನೇಗಿಲು ಹಿಡಿದವರ ಹೆಸರನ್ನೂ ಹೊತ್ತರು. ಆದರೆ ಹೆಳವರು ಬರುವುದು ಊರಿನ ಮನೆಗೆ. ಮುಂಬಯಿಯ, ಪುಣೆಯ, ದೆಹಲಿಯ ನಾಲ್ಕನೆಯ ಮಹಡಿಗೆ ಎತ್ತು ಹತ್ತುವುದಿಲ್ಲ.

ಐರಿಷ್ ವಂಶಶೋಧನೆಯ ಈ ವಿಶಾಲ ಪ್ರಕಾರವನ್ನು ಒಟ್ಟಾಗಿ ತೂಗಿದಾಗ ನಮಗೆ ತೋರುವುದಿಷ್ಟು. ಶೇಕಡಾ ಲೆಕ್ಕ ಅದರ ಅತ್ಯಂತ ದುರ್ಬಲ ಭಾಗ, ಬಂಧುಗಳ ಪಟ್ಟಿ ಅತ್ಯಂತ ಮಾನವೀಯ ಭಾಗ, ಕಾಗದ ಅದರ ಬೆನ್ನೆಲುಬು. ಆದರೆ ಈ ಮೂರೂ ಕೆಲಸಕ್ಕೆ ಬರಬೇಕಾದರೆ ಮನೆಯಲ್ಲಿ ಯಾರಾದರೊಬ್ಬರು ಊರಿನ ಹೆಸರನ್ನು ಮಕ್ಕಳಿಗೆ ಹೇಳಿರಬೇಕು. ಹಡಗು ಹತ್ತಿದವರು ಹೇಳದೆ ಬಿಟ್ಟ ಆ ಒಂದು ಮಾತಿಗಾಗಿ ಲಕ್ಷಾಂತರ ಜನ ನೂರೈವತ್ತು ವರ್ಷದ ಮೇಲೆ ಹಣ, ಕಾಲ, ಉಗುಳು ಎಲ್ಲವನ್ನೂ ವೆಚ್ಚ ಮಾಡುತ್ತಿದ್ದಾರೆ. ನಮ್ಮ ಮಕ್ಕಳು ಮಾತೃಭೂಮಿ ಯಾವುದೆಂದು ಕೇಳಿದರೆ 'ಕರ್ನಾಟಕ' ಎನ್ನುತ್ತಾರೆ, ಅದು ಸಂತೋಷವೇ. ಯಾವ ತಾಲೂಕು, ಯಾವ ಹಳ್ಳಿ, ಅಜ್ಜಿಯ ತವರು ಯಾವುದು ಎಂದು ಕೇಳಿದರೆ ಏನನ್ನುತ್ತಾರೆ? ರೇಷನ್ ಕಾರ್ಡಿನಲ್ಲಿ ಅದಕ್ಕೆ ಕಾಲಂ ಇಲ್ಲ. ಮನೆಯ ಒಂದು ನೋಟುಪುಸ್ತಕದಲ್ಲಿ ಒಂದು ಪುಟ ಸಾಕು.